ಎಸ್ಪ್ರೆಸೊ ಮಷೀನ್ ಕೈಕೊಟ್ಟಾಗ: ಸ್ಕ್ರೂಡ್ರೈವರ್ ಹಿಡಿಯುವ ಮುಂಚೆ ನೋಡಬೇಕಾದ್ದು

ಒಂದು ದಿನ ಬೆಳಿಗ್ಗೆ ನನ್ನ ಮಷೀನ್ ನೀರು ಬಿಡುವುದನ್ನೇ ನಿಲ್ಲಿಸಿತು. ಪಂಪ್ ಗರ್ ಎನ್ನುತ್ತಿತ್ತು, ಕೆಳಗೆ ಒಂದು ಹನಿಯೂ ಇಲ್ಲ. ಪಂಪ್ ಸತ್ತಿದೆ ಎಂದು ನಾನೇ ತೀರ್ಪು ಕೊಟ್ಟುಬಿಟ್ಟೆ. ಮೇಲಿನ ಮುಚ್ಚಳ ಬಿಚ್ಚಿದೆ, ಹಿಂದಿನ ತಗಡು ಬಿಚ್ಚಿದೆ, ಹನ್ನೊಂದು ಸ್ಕ್ರೂಗಳು ಟೇಬಲ್ ಮೇಲೆ ಸಾಲಾಗಿ ಕೂತವು. ಎರಡು ಗಂಟೆ ಆದಮೇಲೆ ಗೊತ್ತಾಯಿತು. ಹಿಂದಿನ ರಾತ್ರಿ ನೀರಿನ ಟ್ಯಾಂಕ್ ತೊಳೆದು ವಾಪಸ್ ಇಟ್ಟಾಗ ಅದು ಪೂರ್ತಿ ಕೂತಿರಲಿಲ್ಲ. ತಳದ ವಾಲ್ವ್ ತೆರೆದೇ ಇರಲಿಲ್ಲ. ಗುಡ್ಡ ಅಗೆದು ಇಲಿ ಹಿಡಿದ ಹಾಗಾಯಿತು. ವಾಪಸ್ ಜೋಡಿಸಿದಾಗ ಒಂದು ಸ್ಕ್ರೂ ಉಳಿಯಿತು. ಅದು ಇವತ್ತಿಗೂ ಡ್ರಾಯರ್‌ನಲ್ಲಿದೆ.

ಆವತ್ತಿನಿಂದ ಒಂದು ಕ್ರಮ ಇಟ್ಟುಕೊಂಡಿದ್ದೇನೆ. ತೊಂದರೆ ಬಂದರೆ ಹೊರಗಿನಿಂದ ಒಳಕ್ಕೆ ಹೋಗುವುದು. ಮೊದಲು ಬೀಜ, ಆಮೇಲೆ ಗ್ರೈಂಡರ್, ಆಮೇಲೆ ಬಾಸ್ಕೆಟ್, ಗ್ರೂಪ್ ಹೆಡ್, ನೀರು, ಪಂಪ್. ಬಾಸ್ಕೆಟ್ ಅಂದರೆ ಪುಡಿ ತುಂಬುವ ತೂತಿನ ಬಟ್ಟಲು. ಅದು ಕೂರುವ ಹಿಡಿಯಿರುವ ಭಾಗ ಪೋರ್ಟಾಫಿಲ್ಟರ್. ಪೋರ್ಟಾಫಿಲ್ಟರ್ ಸಿಕ್ಕಿಕೊಳ್ಳುವ, ಬಿಸಿ ನೀರು ಇಳಿಯುವ ಜಾಗ ಗ್ರೂಪ್ ಹೆಡ್. ಕರೆಂಟಿನ ಭಾಗ ಎಲ್ಲಕ್ಕಿಂತ ಕೊನೆಗೆ. ಒಂದು ಸಲಕ್ಕೆ ಒಂದೇ ಬದಲಾವಣೆ. ಗ್ರೈಂಡ್ ಬದಲಿಸಿ, ಬೀಜವನ್ನೂ ಬದಲಿಸಿ, ಜೊತೆಗೆ ಮಷೀನನ್ನೂ ತೊಳೆದರೆ ಯಾವುದರಿಂದ ಸರಿಹೋಯಿತು ಅಂತ ಯಾರಿಗೆ ಗೊತ್ತಾಗುತ್ತದೆ?

ಶುರು ಮಾಡುವ ಮೊದಲು ಜೋಪಾನದ ಮಾತು. ಗ್ರೈಂಡರ್‌ಗೆ ಕೈ ಹಾಕುವ ಮುನ್ನ ಸ್ವಿಚ್ ಆರಿಸಿದರೆ ಸಾಲದು, ಪ್ಲಗ್ ಕೀಳಬೇಕು. ಮಷೀನಿನ ಬಾಯ್ಲರ್ ಒಳಗೆ ಆವಿ ಒತ್ತಡದಲ್ಲಿರುತ್ತದೆ. ಯಾವುದೇ ಜೋಡಣೆ ಸಡಿಲಿಸುವ ಮುನ್ನ ಪ್ಲಗ್ ಕಿತ್ತು, ಆವಿ ಬಿಡುವ ನಲ್ಲಿಯನ್ನು ತೆರೆದು ಒತ್ತಡ ಬಿಟ್ಟು, ಪೂರ್ತಿ ತಣ್ಣಗಾಗಲು ಬಿಡಿ.

## ಸರಿಯಿದ್ದಾಗಲೇ ಅಳತೆ ಬರೆದಿಡಿ

ಜ್ವರ ಬಂದಿದೆ ಅನ್ನಲು ಆರೋಗ್ಯವಾಗಿದ್ದಾಗಿನ ಮೈ ಬಿಸಿ ಗೊತ್ತಿರಬೇಕು. ಮಷೀನಿಗೂ ಅಷ್ಟೇ. ಎಲ್ಲ ಚೆನ್ನಾಗಿ ನಡೆಯುತ್ತಿರುವ ಒಂದು ದಿನ ಹತ್ತು ನಿಮಿಷ ಕೊಟ್ಟು ಇಷ್ಟನ್ನು ಒಂದು ಚೀಟಿಯಲ್ಲಿ ಬರೆದು ಮಷೀನಿನ ಪಕ್ಕಕ್ಕೆ ಅಂಟಿಸಿ.

1. ಪೋರ್ಟಾಫಿಲ್ಟರ್ ಹಾಕದೆ 10 ಸೆಕೆಂಡ್ ನೀರು ಬಿಟ್ಟು, ಕಪ್‌ನಲ್ಲಿ ಬಿದ್ದ ನೀರಿನ ತೂಕ.
2. 18 ಗ್ರಾಂ ಬೀಜ ಅರೆಯಲು ಗ್ರೈಂಡರ್ ತೆಗೆದುಕೊಳ್ಳುವ ಸಮಯ, ಮತ್ತು ಅದರ ಸೆಟ್ಟಿಂಗ್.
3. ಮಾಮೂಲಿ ಶಾಟ್‌ನ (ಒಂದು ಸಲ ಇಳಿಸುವ ಎಸ್ಪ್ರೆಸೊ) ಲೆಕ್ಕ: ಎಷ್ಟು ಪುಡಿ, ಎಷ್ಟು ಕಾಫಿ, ಎಷ್ಟು ಸೆಕೆಂಡ್.
4. ಒತ್ತಡದ ಮೀಟರ್ ಇದ್ದು, ಕೆಳಗೆ "ಜಿಡ್ಡು ತೆಗೆಯುವುದು" ಭಾಗದಲ್ಲಿ ಹೇಳಿದ ಮೂರು ದಾರಿಯ ವಾಲ್ವ್ ಕೂಡ ಇದ್ದರೆ, ತೂತಿಲ್ಲದ ಬಾಸ್ಕೆಟ್ ಹಾಕಿದಾಗ ಮುಳ್ಳು ಎಲ್ಲಿ ನಿಲ್ಲುತ್ತದೆ.
5. ಪೋರ್ಟಾಫಿಲ್ಟರ್ ಬಿಗಿಯಾದಾಗ ಅದರ ಹಿಡಿ ಯಾವ ದಿಕ್ಕಿಗಿರುತ್ತದೆ.

ಇದರಲ್ಲಿ ಮೊದಲನೆಯದು ಚಿನ್ನ. ಹೋದ ವರ್ಷ 10 ಸೆಕೆಂಡಿಗೆ 70 ಗ್ರಾಂ ಬರುತ್ತಿದ್ದ ನೀರು ಈಗ 45 ಗ್ರಾಂ ಆಗಿದ್ದರೆ, ಗ್ರೈಂಡ್ ಜೊತೆ ಗುದ್ದಾಡಿ ಪ್ರಯೋಜನ ಇಲ್ಲ. ಅಡ್ಡಿ ನೀರಿನ ದಾರಿಯಲ್ಲಿದೆ. ನೀರು ಮೊದಲಿನಷ್ಟೇ ಬರುತ್ತಿದ್ದರೆ ಮಷೀನ್ ಬಹುಮಟ್ಟಿಗೆ ಪಾರು. ಬೀಜ ಮತ್ತು ಗ್ರೈಂಡರ್ ಕಡೆ ತಿರುಗಿ.

## ಕಪ್‌ನಲ್ಲಿ ಕಾಣುವ ತೊಂದರೆ

ಹೋಲಿಸಿ ನೋಡಲು ಒಂದು ಮಾಮೂಲಿ ಲೆಕ್ಕ ಹೇಳುತ್ತೇನೆ: 18 ಗ್ರಾಂ ಪುಡಿ, 36 ಗ್ರಾಂ ಕಾಫಿ, 25ರಿಂದ 30 ಸೆಕೆಂಡ್, ಸುಮಾರು 9 ಬಾರ್ ಒತ್ತಡ, 90ರಿಂದ 96 ಡಿಗ್ರಿ ಬಿಸಿ ನೀರು. ಇದು ಶಾಸನ ಅಲ್ಲ, ಬರೀ ಮೈಲಿಗಲ್ಲು.

ಕಾಫಿ ಹತ್ತೇ ಸೆಕೆಂಡಿನಲ್ಲಿ ಸುರಿದು, ತೆಳ್ಳಗೆ ಹುಳಿ ಹುಳಿಯಾಗಿದೆಯಾ? ಪುಡಿ ದಪ್ಪವಾಗಿದೆ, ಇಲ್ಲವೇ ಬೀಜ ಹಳತಾಗಿದೆ. ಹುರಿದು ಎರಡು ಮೂರು ತಿಂಗಳಾದ ಬೀಜದಲ್ಲಿ ಇಂಗಾಲದ ಡೈಆಕ್ಸೈಡ್ ಬಹುಪಾಲು ಹೊರಟುಹೋಗಿರುತ್ತದೆ. ಪುಡಿ ನೀರಿಗೆ ತಡೆ ಒಡ್ಡುವುದಿಲ್ಲ, ಕ್ರೀಮಾ, ಅಂದರೆ ಮೇಲಿನ ಕಂದು ನೊರೆ, ಕಟ್ಟುವುದಿಲ್ಲ. ಹುರಿದ ಮಾರನೇ ದಿನದ ಬೀಜದ್ದು ಇದರ ಉಲ್ಟಾ ಕಥೆ. ಗಾಳಿ ಜಾಸ್ತಿ, ನೊರೆ ಜಾಸ್ತಿ, ಒಂದು ಶಾಟ್ ಇದ್ದ ಹಾಗೆ ಇನ್ನೊಂದು ಇರುವುದಿಲ್ಲ. ಒಂದು ವಾರ ಕಾದು, ಒಂದೂವರೆ ತಿಂಗಳೊಳಗೆ ಮುಗಿಸಿದರೆ ಒಳ್ಳೆಯದು. ಹೊಸ ಬೀಜ ಹಾಕಿ ನೋಡದೆ ಮಷೀನನ್ನು ಬೈಯಬೇಡಿ.

ಕಾಫಿ ತೊಟ್ಟು ತೊಟ್ಟಾಗಿ ಬಂದು ಕಹಿ, ಒಗರು ಹೊಡೆಯುತ್ತಿದ್ದರೆ ಪುಡಿ ನುಣ್ಣಗಾಗಿದೆ, ಇಲ್ಲವೇ ಬಾಸ್ಕೆಟ್‌ಗೆ ಜಾಸ್ತಿ ತುಂಬಿದ್ದೀರಿ. ಗ್ರೈಂಡರ್ ಬದಲಿಸುವ ಮೊದಲು ಬಾಸ್ಕೆಟ್ಟನ್ನು ಬೆಳಕಿಗೆ ಹಿಡಿದು ನೋಡಿ. ತೂತುಗಳೆಲ್ಲ ಕಾಣಬೇಕು. ಎರಡು ಗೋಡೆಯ ಬಾಸ್ಕೆಟ್ ಆದರೆ ಕೆಳಗಡೆ ಒಂದೇ ಒಂದು ಸೂಜಿತೂತು ಇರುತ್ತದೆ. ಅದು ಕಟ್ಟಿಕೊಂಡರೆ ಕಥೆ ಮುಗಿಯಿತು. ಬಿಸಿ ನೀರಿನಲ್ಲಿ ನೆನೆಸಿ ತೆಳು ಸೂಜಿಯಿಂದ ಬಿಡಿಸಿ.

ಇನ್ನೊಂದು ತೊಂದರೆ ಜನರನ್ನು ಜಾಸ್ತಿ ಕಾಡುತ್ತದೆ. ಒಂದೇ ಶಾಟ್ ಹುಳಿಯೂ ಇರುತ್ತದೆ, ಕಹಿಯೂ ಇರುತ್ತದೆ. ತಳವಿಲ್ಲದ ಪೋರ್ಟಾಫಿಲ್ಟರ್ ಇದ್ದರೆ ಸಣ್ಣ ಸಣ್ಣ ಪಿಚಕಾರಿ ಹಾರುವುದು ಕಾಣುತ್ತದೆ. ನೀರು ಪುಡಿಯ ಬಿಲ್ಲೆಯಲ್ಲಿ ಸಂದಿ ಮಾಡಿಕೊಂಡು ಅಲ್ಲೇ ನುಗ್ಗುತ್ತಿದೆ. ಆ ಜಾಗದ ಪುಡಿ ವಿಪರೀತ ಹಿಂಡಿಹೋಗುತ್ತದೆ, ಮಿಕ್ಕದ್ದು ಹಸಿಯಾಗೇ ಉಳಿಯುತ್ತದೆ. ಇದಕ್ಕೆ ಮದ್ದು ಅಗ್ಗದ್ದು. ತೆಳು ಸೂಜಿಗಳಿಂದ ಪುಡಿಯನ್ನು ತಳದಿಂದ ಕಲಕಿ, ಗಂಟು ಒಡೆದು, ಸಮ ಮಾಡಿ, ಆಮೇಲೆ ಟ್ಯಾಂಪ್ ಮಾಡಿ, ಅಂದರೆ ಒತ್ತಿ ಗಟ್ಟಿ ಮಾಡಿ. ಈ ಕಲಕುವ ಉಪಾಯವನ್ನು ಜಾನ್ ವೈಸ್ 2005ರಲ್ಲಿ ಹೇಳಿಕೊಟ್ಟರು. ದುಬಾರಿ ಉಪಕರಣ ಬೇಡ, ಒಂದು ಬಿರಡೆಗೆ ನಾಲ್ಕು ಸಣ್ಣ ಸೂಜಿ ಚುಚ್ಚಿದರೆ ಆಯಿತು. ಟ್ಯಾಂಪ್ ಎಷ್ಟು ಜೋರಾಗಿ ಒತ್ತಬೇಕು ಅಂತ ತಲೆ ಕೆಡಿಸಿಕೊಳ್ಳುವವರು ಬಹಳ. ಒಮ್ಮೆ ಪುಡಿ ಒತ್ತಿ ಕೂತಮೇಲೆ ಇನ್ನೂ ಬಲ ಹಾಕಿ ಲಾಭವಿಲ್ಲ. ಓರೆಯಾಗದೆ ಸಮವಾಗಿ ಒತ್ತುವುದು ಮುಖ್ಯ.

ಬಿಲ್ಲೆ ಒದ್ದೆಯಾಗಿ ಕೆಸರಿನಂತಿದ್ದರೆ ಗಾಬರಿ ಬೇಡ. ಬಾಸ್ಕೆಟ್‌ನಲ್ಲಿ ಪುಡಿಯ ಮೇಲೆ ಜಾಗ ಜಾಸ್ತಿ ಉಳಿದಿದೆ ಅಷ್ಟೇ. ಕಾಫಿ ರುಚಿಯಾಗಿದ್ದರೆ ಬಿಲ್ಲೆಯ ಚಂದ ಕಟ್ಟಿಕೊಂಡು ಏನಾಗಬೇಕು?

## ಗ್ರೈಂಡರ್: ಎಲ್ಲರೂ ಮರೆಯುವ ಅರ್ಧ

ಮಷೀನನ್ನು ದಿನಾ ಒರೆಸುವವರೂ ಗ್ರೈಂಡರ್ ಒಳಗೆ ವರ್ಷಗಟ್ಟಲೆ ಇಣುಕಿರುವುದಿಲ್ಲ. ಒಂದು ಸಲ ಬೀಜ ತುಂಬುವ ಹಾಪರ್ ತೆಗೆದು ಮೂಗು ಹತ್ತಿರ ಇಟ್ಟು ನೋಡಿ. ಹಳೇ ಎಣ್ಣೆಯ ಕಮಟು ವಾಸನೆ ಬಂದರೆ ನಿಮ್ಮ ಪ್ರತಿ ಕಪ್‌ನಲ್ಲೂ ಅದು ಇದೆ ಅಂತಲೇ ಅರ್ಥ. ಕಪ್ಪಗೆ ಹುರಿದ ಬೀಜ ಬಳಸುವವರಿಗೆ ಇದು ಬೇಗ ಬರುತ್ತದೆ. ಆ ಬೀಜದ ಎಣ್ಣೆ ಮೇಲ್ಮೈಗೆ ಬಂದಿರುತ್ತದಲ್ಲ.

ತಿಂಗಳಿಗೊಮ್ಮೆ ಹೀಗೆ ಮಾಡಿ:

1. ಹಾಪರ್‌ನ ಬೀಜ ತೆಗೆದು, ಒಳಗೆ ಉಳಿದದ್ದನ್ನು ಅರೆದು ಮುಗಿಸಿ. ಈಗ ಪ್ಲಗ್ ಕೀಳಿ.
2. ಇದ್ದ ಸೆಟ್ಟಿಂಗ್ ಬರೆದುಕೊಳ್ಳಿ. ಫೋನಿನಲ್ಲಿ ಒಂದು ಫೋಟೋ ತೆಗೆದರೂ ಸಾಕು.
3. ಮೇಲಿನ ಬರ್ ತೆಗೆಯಿರಿ. ಬರ್ ಅಂದರೆ ಬೀಜ ಅರೆಯುವ ಹಲ್ಲುಗಳಿರುವ ಉಕ್ಕಿನ ಚಕ್ರ. ಅದರ ಕೆಳಗೆ ತೆಳು ತಗಡಿನ ಬಿಲ್ಲೆಗಳಿದ್ದರೆ ಎಷ್ಟಿವೆ, ಯಾವ ಕಡೆ ಇವೆ ನೋಡಿಕೊಳ್ಳಿ. ಅವು ಕಸ ಅಲ್ಲ, ಬರ್ ಸಮವಾಗಿ ಕೂರಲು ಇಟ್ಟವು.
4. ಒಣ ಬ್ರಶ್‌ನಿಂದ ಉಜ್ಜಿ, ವ್ಯಾಕ್ಯೂಮ್ ಕ್ಲೀನರ್‌ನಿಂದ ಎಳೆಯಿರಿ. ಪುಡಿ ಹೊರಬರುವ ಕೊಳವೆಯ ಮೂಲೆಗಳಲ್ಲಿ ಕಟ್ಟಿಕೊಂಡದ್ದನ್ನು ಮರದ ಕಡ್ಡಿಯಿಂದ ಕೆರೆಯಿರಿ.
5. ಬರ್ ತಿರುಗಿಸಿ ಕೂರಿಸುವ ಸ್ಕ್ರೂ ಸುತ್ತುಗಳನ್ನು ಚೆನ್ನಾಗಿ ಒರೆಸಿ. ಇಲ್ಲಿ ಒಂದು ಚೂರು ಪುಡಿ ಸಿಕ್ಕಿಕೊಂಡರೂ ಬರ್ ಓರೆಯಾಗಿ ಕೂರುತ್ತದೆ. ಆಮೇಲೆ ಒಂದು ಕಡೆ ಧೂಳು, ಇನ್ನೊಂದು ಕಡೆ ರವೆ.
6. ವಾಪಸ್ ಹಾಕಿ, ಹಾಪರ್ ಇಟ್ಟು, ಬರೆದ ಸೆಟ್ಟಿಂಗ್‌ಗೆ ತನ್ನಿ. ಮೊದಲ 10ರಿಂದ 20 ಗ್ರಾಂ ಪುಡಿ ಎಸೆಯಿರಿ.

ಬರ್‌ಗಳಿಗೆ ನೀರು ತಾಗಿಸಬೇಡಿ. ಹೆಚ್ಚಿನವು ಗಡಸು ಉಕ್ಕಿನವು, ಒಂದೇ ರಾತ್ರಿಯಲ್ಲಿ ತುಕ್ಕು ಹಿಡಿಯುತ್ತವೆ. ಪ್ಲಾಸ್ಟಿಕ್ ಹಾಪರ್ ಮಾತ್ರ ಸೋಪು ನೀರಿನಲ್ಲಿ ತೊಳೆದು ಪೂರ್ತಿ ಒಣಗಿಸಿ. ಬರ್ ಬಿಚ್ಚಲು ಆಗದ ಗ್ರೈಂಡರ್‌ಗೆ ಅದಕ್ಕೆಂದೇ ಮಾಡಿದ ಶುಚಿ ಮಾತ್ರೆಗಳಿವೆ, ಬೀಜದ ಹಾಗೇ ಅರೆಯಬಹುದು. ಅಕ್ಕಿ ಹಾಕಿ ಅರೆಯಿರಿ ಅನ್ನುವವರ ಮಾತು ಕೇಳಬೇಡಿ. ಹಸಿ ಅಕ್ಕಿ ಕಾಫಿ ಬೀಜಕ್ಕಿಂತ ಗಟ್ಟಿ, ಸಣ್ಣ ಮೋಟಾರ್ ಅದಕ್ಕೆ ಸಿಕ್ಕಿ ನಿಂತೇಬಿಡಬಹುದು. ಮೇಲಾಗಿ ಒಳಗೆಲ್ಲ ಹಿಟ್ಟು ಉಳಿಯುತ್ತದೆ.

ಸೊನ್ನೆ ಎಲ್ಲಿದೆ ಅಂತ ತಿಳಿಯುವುದು ಹೀಗೆ. ಗ್ರೈಂಡರ್ ಪೂರ್ತಿ ಖಾಲಿ ಇರಲಿ, ಮೋಟಾರ್ ಓಡಿಸಿ, ನಿಧಾನಕ್ಕೆ ನುಣುಪಿನ ಕಡೆ ತಿರುಗಿಸಿ. ಕಿರ್ ಎಂಬ ಸಣ್ಣ ಉಕ್ಕಿನ ಸದ್ದು ಕೇಳಿದ ಕ್ಷಣ ಹಿಂದಕ್ಕೆ ತನ್ನಿ. ಬರ್‌ಗಳು ಮುಟ್ಟುವ ಜಾಗ ಅದು. ಎಸ್ಪ್ರೆಸೊ ಸೆಟ್ಟಿಂಗ್ ಅಲ್ಲಿಂದ ಸ್ವಲ್ಪ ಈಚೆಗಿರುತ್ತದೆ. ಬೀಜ ತುಂಬಿರುವಾಗ ನುಣುಪಿನ ಕಡೆ ಹೋಗಬೇಕಾದರೂ ಮೋಟಾರ್ ಓಡುತ್ತಿರಲಿ. ನಿಂತಿದ್ದಾಗ ಬಲವಂತವಾಗಿ ತಿರುಗಿಸಿದರೆ ನಡುವೆ ಇರುವ ಚೂರುಗಳು ಬರ್‌ಗಳನ್ನು ಕಚ್ಚಿ ಹಿಡಿಯುತ್ತವೆ. ಸೆಟ್ಟಿಂಗ್ ಬದಲಿಸಿದ ಮೇಲೆ ಒಳಗೆ ಉಳಿದ ಹಳೇ ಪುಡಿ ಹೋಗಲು ಒಂದು ನಾಲ್ಕೈದು ಗ್ರಾಂ ಅರೆದು ಎಸೆಯಿರಿ. ಇದನ್ನು ಮಾಡದೆ "ಬದಲಿಸಿದರೂ ಏನೂ ಆಗುತ್ತಿಲ್ಲ" ಎನ್ನುವವರಲ್ಲಿ ನಾನೂ ಒಬ್ಬನಿದ್ದೆ.

ಗ್ರೈಂಡರ್ ಹಠಾತ್ತನೆ ಗುಂಯ್ ಎಂದು ನಿಂತರೆ ತಕ್ಷಣ ಆರಿಸಿ. ಬೀಜದ ನಡುವೆ ಕಲ್ಲು ಬಂದಿರಬಹುದು. ಪ್ಲಗ್ ಕಿತ್ತು, ದಪ್ಪದ ಕಡೆ ತಿರುಗಿಸಿ, ಮೇಲಿನ ಬರ್ ತೆಗೆದು ಹುಡುಕಿ. ಏನೂ ಸಿಗದಿದ್ದರೆ ಅರ್ಧ ಗಂಟೆ ಬಿಡಿ. ಮೋಟಾರ್ ಕಾದಾಗ ತಾನೇ ಕರೆಂಟ್ ಕಡಿಯುವ ರಕ್ಷಣೆ ಹಲವು ಗ್ರೈಂಡರ್‌ಗಳಲ್ಲಿದೆ.

ಪುಡಿ ಹಾರಿ ಎಲ್ಲೆಲ್ಲೋ ಅಂಟಿಕೊಂಡರೆ ಅದು ಸ್ಥಾಯಿ ವಿದ್ಯುತ್ತಿನ ಆಟ. ಚಮಚದ ಹಿಡಿಯನ್ನು ನೀರಿಗೆ ಅದ್ದಿ, ಅದರಿಂದ ಬೀಜವನ್ನು ಒಮ್ಮೆ ಕಲಕಿ, ಆಮೇಲೆ ಅರೆಯಿರಿ. ಒಂದು ಹನಿ ಸಾಕು. ಒಂದೊಂದು ಶಾಟ್‌ಗೆ ತೂಗಿ ಹಾಕುವವರಿಗೆ ಮಾತ್ರ ಇದು. ಹಾಪರ್ ತುಂಬ ಇರುವ ಬೀಜಕ್ಕೆ ನೀರು ಚಿಮುಕಿಸಬೇಡಿ.

ಬರ್ ಸವೆದದ್ದು ಹೇಗೆ ಗೊತ್ತಾಗುತ್ತದೆ? ಅದೇ ಬಗೆಯ ಬೀಜಕ್ಕೆ ತಿಂಗಳಿಂದ ತಿಂಗಳಿಗೆ ಇನ್ನೂ ನುಣ್ಣಗೆ, ಇನ್ನೂ ನುಣ್ಣಗೆ ಹೋಗಬೇಕಾಗುತ್ತದೆ. ಅರೆಯುವ ಸಮಯ ಚೀಟಿಯಲ್ಲಿ ಬರೆದದ್ದಕ್ಕಿಂತ ಏರುತ್ತದೆ. ಪುಡಿ ಬಿಸಿಯಾಗಿ ಬರುತ್ತದೆ. ರುಚಿ ಮಂಕಾಗುತ್ತದೆ. ಪ್ಲಗ್ ಕಿತ್ತು ಹಲ್ಲಿನ ಅಂಚಿಗೆ ಉಗುರು ತಾಗಿಸಿ ನೋಡಿ. ಚೂಪಿದ್ದರೆ ಉಗುರು ಕೆರೆಯುತ್ತದೆ, ಸವೆದಿದ್ದರೆ ಜಾರುತ್ತದೆ. ಹೊಸ ಬರ್ ಹಾಕಿದ ಮೊದಲ ಒಂದೆರಡು ಕಿಲೋ ಬೀಜದಲ್ಲಿ ಸೆಟ್ಟಿಂಗ್ ಓಡಾಡುತ್ತಿರುತ್ತದೆ, ಅದು ಸಹಜ.

## ಎರಡು ಕೊಳೆ, ಎರಡು ಮದ್ದು

ಇಲ್ಲಿ ಬಹಳ ಜನ ಎಡವುತ್ತಾರೆ. ಮಷೀನಿನಲ್ಲಿ ಕೂರುವ ಕೊಳೆ ಎರಡು ಜಾತಿ. ಒಂದು ಕಾಫಿಯ ಜಿಡ್ಡು. ಅದು ಗ್ರೂಪ್ ಹೆಡ್, ಬಾಸ್ಕೆಟ್, ವಾಲ್ವ್‌ನಲ್ಲಿ ಕೂರುತ್ತದೆ. ಅದಕ್ಕೆ ಕ್ಷಾರದ ಪುಡಿ ಬೇಕು, ಅಂದರೆ ಎಸ್ಪ್ರೆಸೊ ಮಷೀನಿಗೆಂದೇ ಸಿಗುವ ಡಿಟರ್ಜೆಂಟ್. ಇನ್ನೊಂದು ನೀರಿನ ಸುಣ್ಣ. ಅದು ಬಾಯ್ಲರ್ ಮತ್ತು ಪೈಪುಗಳಲ್ಲಿ ಕೂರುತ್ತದೆ. ಅದಕ್ಕೆ ಆಮ್ಲ ಬೇಕು. ಜಿಡ್ಡಿಗೆ ಆಮ್ಲ ಹಾಕಿದರೆ ಜಿಡ್ಡು ಅಲುಗುವುದಿಲ್ಲ, ಸುಣ್ಣಕ್ಕೆ ಡಿಟರ್ಜೆಂಟ್ ಹಾಕಿದರೆ ಸುಣ್ಣ ಕರಗುವುದಿಲ್ಲ. ಡಿಟರ್ಜೆಂಟನ್ನು ನೀರಿನ ಟ್ಯಾಂಕಿಗೆ ಯಾವತ್ತೂ ಸುರಿಯಬೇಡಿ.

### ಜಿಡ್ಡು ತೆಗೆಯುವುದು

ಪ್ರತಿ ಶಾಟ್ ಆದಮೇಲೆ ಬಿಲ್ಲೆ ತಟ್ಟಿ, ಎರಡು ಸೆಕೆಂಡ್ ನೀರು ಬಿಟ್ಟು, ಗ್ರೂಪ್‌ನ ಜರಡಿ (ನೀರು ಇಳಿಯುವ ತೂತಿನ ತಗಡು) ಒರೆಸಿ. ದಿನದ ಕೊನೆಗೆ ಬಾಸ್ಕೆಟ್ ಕಳಚಿ ಅದರ ಹಿಂಬದಿಯನ್ನೂ ತೊಳೆಯಿರಿ. ಹೆಚ್ಚಿನ ಮಷೀನುಗಳಿಗೆ ಈ ಅಭ್ಯಾಸವೇ ಅರ್ಧ ರಿಪೇರಿ.

ವಾರಕ್ಕೋ ಎರಡು ವಾರಕ್ಕೋ ಒಮ್ಮೆ ಬ್ಯಾಕ್‌ಫ್ಲಶ್, ಅಂದರೆ ತೂತಿಲ್ಲದ ಬಾಸ್ಕೆಟ್ ಹಾಕಿ ನೀರನ್ನು ಹಿಂದಕ್ಕೆ ತಳ್ಳಿ ಗ್ರೂಪ್ ಒಳಗನ್ನು ತೊಳೆಯುವುದು. ಆದರೆ ಮೊದಲು ನಿಮ್ಮ ಮಷೀನಿನಲ್ಲಿ ಮೂರು ದಾರಿಯ ಸೋಲೆನಾಯ್ಡ್ ವಾಲ್ವ್ (ಶಾಟ್ ಮುಗಿದಾಗ ಒತ್ತಡ ಹೊರಬಿಡುವ, ಕರೆಂಟಿನಿಂದ ತೆರೆದು ಮುಚ್ಚುವ ವಾಲ್ವ್) ಇದೆಯಾ ತಿಳಿಯಿರಿ. ಶಾಟ್ ನಿಲ್ಲಿಸಿದ ಕೂಡಲೇ ಪಿಸ್ ಎಂದು ಡ್ರಿಪ್ ಟ್ರೇಗೆ ನೀರು ಚಿಮ್ಮಿದರೆ ಅಂಥ ವಾಲ್ವ್ ಇದೆ ಎಂದೇ ಲೆಕ್ಕ. ಕೈಪಿಡಿಯಲ್ಲೂ ನೋಡಿಕೊಳ್ಳಿ. ಇಲ್ಲದಿದ್ದರೆ ಬ್ಯಾಕ್‌ಫ್ಲಶ್ ಮಾಡಲೇಬೇಡಿ. ಒತ್ತಡ ಹೋಗಲು ದಾರಿ ಇರುವುದಿಲ್ಲ, ಪೋರ್ಟಾಫಿಲ್ಟರ್ ಬಿಚ್ಚಿದಾಗ ಬಿಸಿ ನೀರು ಮುಖಕ್ಕೆ ಹಾರುತ್ತದೆ.

1. ತೂತಿಲ್ಲದ ಬಾಸ್ಕೆಟ್ ಹಾಕಿ, ಅರ್ಧ ಟೀ ಚಮಚ, ಸುಮಾರು 3 ಗ್ರಾಂ ಡಿಟರ್ಜೆಂಟ್ ಹಾಕಿ.
2. 10 ಸೆಕೆಂಡ್ ಪಂಪ್ ಓಡಿಸಿ, 10 ಸೆಕೆಂಡ್ ನಿಲ್ಲಿಸಿ. ಐದು ಸಲ.
3. ಪೋರ್ಟಾಫಿಲ್ಟರ್ ತೆಗೆದು ನೀರು ಬಿಟ್ಟು ತೊಳೆಯಿರಿ.
4. ಬರೀ ನೀರಿನಲ್ಲಿ ಮತ್ತೆ ಐದು ಸಲ. ನೊರೆ ಇನ್ನೂ ಇದ್ದರೆ ಇನ್ನೂ ಐದು ಸಲ.
5. ಮೊದಲ ಶಾಟ್ ಸಿಂಕಿಗೆ.

ಲಿವರ್ ಇರುವ ಇ61 ಗ್ರೂಪ್‌ನವರಿಗೆ ಒಂದು ತಿದ್ದುಪಡಿ. 1961ರಲ್ಲಿ ಬಂದ ಈ ವಿನ್ಯಾಸದಲ್ಲಿ ಲಿವರ್ ಜೊತೆ ತಿರುಗಿ ವಾಲ್ವ್ ತೆರೆಯುವ ಒಳಗಿನ ಕ್ಯಾಮ್‌ಗೆ ಗ್ರೀಸ್ ಇರುತ್ತದೆ, ಡಿಟರ್ಜೆಂಟ್ ಅದನ್ನು ತೊಳೆದು ಹಾಕುತ್ತದೆ. ವಾರಕ್ಕೊಮ್ಮೆ ಬರೀ ನೀರಿನಲ್ಲಿ, ಡಿಟರ್ಜೆಂಟ್ ಎರಡು ಮೂರು ತಿಂಗಳಿಗೊಮ್ಮೆ ಸಾಕು. ಲಿವರ್ ಕಿರುಗುಟ್ಟಲು ಶುರು ಮಾಡಿದರೆ ಆಹಾರಕ್ಕೆ ತಾಗಬಹುದಾದ ಸಿಲಿಕೋನ್ ಗ್ರೀಸ್ ಹಚ್ಚಿ. ಅಡಿಗೆ ಎಣ್ಣೆ ಹಚ್ಚಬೇಡಿ, ಅಂಟಾಗಿ ಕೂರುತ್ತದೆ.

ತಿಂಗಳಿಗೊಮ್ಮೆ ಜರಡಿಯ ಸ್ಕ್ರೂ ಬಿಚ್ಚಿ ಕೆಳಗಿಳಿಸಿ. ಮೊದಲ ಸಲ ತೆಗೆದಾಗ ಅದರ ಹಿಂದೆ ಇರುವ ಕಪ್ಪು ಪೊರೆ ನೋಡಿ ನಿಮಗೆ ಕಾಫಿ ಬೇಡ ಅನಿಸಬಹುದು. ಜರಡಿ, ಬಾಸ್ಕೆಟ್ ಎರಡನ್ನೂ ಡಿಟರ್ಜೆಂಟ್ ಹಾಕಿದ ಬಿಸಿ ನೀರಿನಲ್ಲಿ 20 ನಿಮಿಷ ನೆನೆಸಿ ಉಜ್ಜಿ. ಅಲ್ಯೂಮಿನಿಯಂ ಭಾಗಗಳನ್ನು ಇದರಲ್ಲಿ ಹಾಕಬೇಡಿ, ಕಪ್ಪಾಗುತ್ತವೆ. ಮರದ ಹಿಡಿಯೂ ಮುಳುಗಬಾರದು.

### ಗ್ಯಾಸ್ಕೆಟ್

ಶಾಟ್ ನಡೆಯುವಾಗ ಪೋರ್ಟಾಫಿಲ್ಟರ್ ಅಂಚಿನಿಂದ ನೀರು ಇಳಿಯುತ್ತಿದ್ದರೆ ಮೊದಲು ಅಂಚು ಒರೆಸಿ ನೋಡಿ. ಒಂದು ಸಾಲು ಪುಡಿ ಸಾಕು, ಸೋರುತ್ತದೆ. ಆಮೇಲೂ ಸೋರಿದರೆ ರಬ್ಬರ್ ಗ್ಯಾಸ್ಕೆಟ್ ಬಿಸಿಗೆ ಗಟ್ಟಿಯಾಗಿದೆ. ಗಡಿಯಾರದ ಆರು ಗಂಟೆಯ ಹಾಗೆ ನೇರ ನಿಲ್ಲುತ್ತಿದ್ದ ಹಿಡಿ ಈಗ ಬಲಕ್ಕೆ ದಾಟಿ ಐದು ಗಂಟೆ ಕಡೆ ಹೋಗುತ್ತಿದ್ದರೂ ಅದೇ ಕಾರಣ. ರಬ್ಬರ್‌ನದು ದಿನಾ ಬಳಸಿದರೆ ವರ್ಷ ಬರುತ್ತದೆ, ಸಿಲಿಕೋನ್‌ನದು ಹೆಚ್ಚು ಬಾಳುತ್ತದೆ. ಜಾಸ್ತಿ ಬಲ ಹಾಕಿ ತಿರುಗಿಸಿ ಸೋರಿಕೆ ನಿಲ್ಲಿಸಬೇಡಿ, ಪೋರ್ಟಾಫಿಲ್ಟರ್‌ನ ಕಿವಿ ಸವೆಯುತ್ತದೆ.

ಬದಲಿಸುವಾಗ ಜರಡಿ ತೆಗೆದು, ಹಳೇ ಗ್ಯಾಸ್ಕೆಟ್ ಯಾವ ಮುಖ ಮೇಲಾಗಿ ಕೂತಿದೆ ನೋಡಿ, ಚೂಪು ದಬ್ಬಳ ಚುಚ್ಚಿ ಎಳೆಯಿರಿ. ಚೂರು ಚೂರಾಗಿ ಬಂದರೂ ಪರವಾಗಿಲ್ಲ. ಅದು ಕೂರುವ ಸುತ್ತಲಿನ ತೋಡಿನಲ್ಲಿ ಒಂದು ಕಣವೂ ಉಳಿಯದ ಹಾಗೆ ಕೆರೆದು, ಹೊಸದನ್ನು ಅದೇ ಮುಖ ಮೇಲಾಗಿ ಒತ್ತಿ. ಅಳತೆ ಮಿಲಿಮೀಟರ್‌ನಲ್ಲಿರುತ್ತದೆ, ಅರ್ಧ ಮಿಲಿಮೀಟರ್ ದಪ್ಪದ ವ್ಯತ್ಯಾಸವೂ ಹಿಡಿಯ ದಿಕ್ಕು ಬದಲಿಸುತ್ತದೆ. ಮಷೀನಿನ ಮಾದರಿ ನೋಡಿಯೇ ತರಿಸಿ.

## ನೀರು

ನನ್ನನ್ನು ಕೇಳಿದರೆ ಮನೆ ಮಷೀನುಗಳನ್ನು ಕೊಲ್ಲುವುದು ವಯಸ್ಸಲ್ಲ, ನೀರು. ಗಡಸು ನೀರಿನಲ್ಲಿ ಕರಗಿದ ಕ್ಯಾಲ್ಸಿಯಂ ಬೈಕಾರ್ಬೊನೇಟ್ ಬಿಸಿಯಾದಾಗ ಇಂಗಾಲದ ಡೈಆಕ್ಸೈಡ್ ಬಿಟ್ಟು ಸುಣ್ಣದಕಲ್ಲಾಗಿ ಕೂರುತ್ತದೆ. ಪಾತ್ರೆಯಲ್ಲಿ ನೀರು ಕಾಯಿಸಿದಾಗ ತಳದಲ್ಲಿ ಬರುವ ಬಿಳಿ ಪೊರೆ ಅದೇ. ಮಷೀನಿನ ಒಳಗೆ ಒಂದು ಮಿಲಿಮೀಟರ್‌ಗಿಂತ ಸಣ್ಣ ತೂತುಗಳಿವೆ. ಅವಕ್ಕೆ ಒಂದು ಚಕ್ಕೆ ಸಾಕು.

ಗಡಸುತನ ಅಳೆಯಲು ಪಟ್ಟಿ ಅಥವಾ ಹನಿ ಹಾಕುವ ಕಿಟ್ ತನ್ನಿ. ಟಿಡಿಎಸ್ ಮೀಟರ್ ಇದನ್ನು ಹೇಳುವುದಿಲ್ಲ. ಅದು ಕರಗಿದ ಎಲ್ಲ ಲವಣಗಳನ್ನೂ ಸೇರಿಸಿ ಒಂದು ಅಂಕಿ ಕೊಡುತ್ತದೆ. ಅಡಿಗೆ ಉಪ್ಪು ಹಾಕಿದರೂ ಏರುತ್ತದೆ, ಉಪ್ಪಿನಿಂದ ಸುಣ್ಣ ಕಟ್ಟುತ್ತದೆಯೇ? ಗಡಸುತನ 50ರಿಂದ 80 ಪಿಪಿಎಂ (ಲೀಟರಿಗೆ ಮಿಲಿಗ್ರಾಂ) ಇದ್ದರೆ ರುಚಿಗೂ ಮಷೀನಿಗೂ ಹೊಂದುತ್ತದೆ. 150 ದಾಟಿದರೆ ಆ ನೀರು ಮಷೀನಿಗೆ ಬೇಡ.

ಹಾಗಂತ ಪೂರ್ತಿ ಶುದ್ಧ ನೀರು, ಡಿಸ್ಟಿಲ್ಡ್ ಅಥವಾ ಆರ್‌ಒ ನೀರು ಸುಮ್ನೆ ಸುರಿಯುವುದೂ ತಪ್ಪು. ಕಾಫಿ ಸಪ್ಪೆಯಾಗುತ್ತದೆ. ಅದಕ್ಕಿಂತ ದೊಡ್ಡ ಸಮಸ್ಯೆ ಬೇರೆ ಇದೆ. ಹಲವು ಬಾಯ್ಲರ್‌ಗಳು ನೀರಿನ ಮಟ್ಟವನ್ನು ಒಂದು ಕಡ್ಡಿಯಿಂದ ತಿಳಿಯುತ್ತವೆ. ನೀರು ಕಡ್ಡಿಗೆ ಮುಟ್ಟಿದಾಗ ಕರೆಂಟ್ ಹರಿಯಬೇಕು. ಶುದ್ಧ ನೀರಿನಲ್ಲಿ ಅದು ಸರಿಯಾಗಿ ಹರಿಯುವುದಿಲ್ಲ. ಬಾಯ್ಲರ್ ತುಂಬಿದ್ದರೂ ಖಾಲಿ ಎಂದೇ ತಿಳಿದು ಪಂಪ್ ತುಂಬುತ್ತಲೇ ಇರುತ್ತದೆ. ಇದಕ್ಕೆ ಸುಲಭದ ದಾರಿ: ಒಂದು ಲೀಟರ್ ಶುದ್ಧ ನೀರಿಗೆ 0.1 ಗ್ರಾಂ ಪೊಟ್ಯಾಸಿಯಂ ಬೈಕಾರ್ಬೊನೇಟ್. ಸಣ್ಣ ತೂಕದ ತಕ್ಕಡಿ ಇಲ್ಲದಿದ್ದರೆ 10 ಗ್ರಾಂ ಪುಡಿಯನ್ನು ಒಂದು ಲೀಟರ್ ನೀರಿನಲ್ಲಿ ಕರಗಿಸಿಟ್ಟು, ಅದರಿಂದ ಲೀಟರಿಗೆ 10 ಮಿಲಿ ಸೇರಿಸಿ. ಇದರಲ್ಲಿ ಕ್ಯಾಲ್ಸಿಯಂ ಇಲ್ಲ, ಸುಣ್ಣ ಕಟ್ಟುವ ಮಾತೇ ಇಲ್ಲ. ನಾನು ಈ ನೀರಿಗೆ ಬದಲಾದ ಮೇಲೆ ಡೀಸ್ಕೇಲ್ ಮಾಡುವ, ಅಂದರೆ ಸುಣ್ಣ ಕರಗಿಸುವ, ಕೆಲಸವೇ ತಪ್ಪಿತು.

### ಸುಣ್ಣ ಕರಗಿಸುವುದು

ಮೊದಲು ಕೈಪಿಡಿ ಓದಿ. ಅಲ್ಯೂಮಿನಿಯಂ ಬಾಯ್ಲರ್ ಅಥವಾ ಥರ್ಮೋಬ್ಲಾಕ್ (ಹರಿಯುವ ನೀರನ್ನೇ ಕಾಯಿಸುವ ಲೋಹದ ಗಟ್ಟಿ) ಇದ್ದರೆ ತಯಾರಕರು ಹೇಳಿದ ದ್ರಾವಣ ಮಾತ್ರ ಬಳಸಿ, ಆಮ್ಲ ಆ ಲೋಹವನ್ನು ತಿನ್ನುತ್ತದೆ. ದೊಡ್ಡ ಬಾಯ್ಲರ್ ಇರುವ, ವರ್ಷಗಟ್ಟಲೆ ಗಡಸು ನೀರು ಕುಡಿದ ಮಷೀನಾದರೆ ಮನೆಯಲ್ಲಿ ಮಾಡದಿರುವುದೇ ಮೇಲು. ಅರ್ಧ ಬಿಟ್ಟ ಚಕ್ಕೆಗಳು ಹೋಗಿ ಸಣ್ಣ ತೂತುಗಳಲ್ಲಿ ಕೂರುತ್ತವೆ. ಬಿಚ್ಚಿ ಶುಚಿ ಮಾಡುವವರಿಗೆ ಕೊಡಿ.

ಉಳಿದವರು ಒಂದು ಲೀಟರ್ ನೀರಿಗೆ 20 ಗ್ರಾಂ ಸಿಟ್ರಿಕ್ ಆಸಿಡ್, ಅಂದರೆ ನಿಂಬೆ ಉಪ್ಪು, ಪೂರ್ತಿ ಕರಗಿಸಿ. ಟ್ಯಾಂಕಿನ ಫಿಲ್ಟರ್ ತೆಗೆದಿಡಿ. ಮಷೀನ್ ಉಗುರುಬೆಚ್ಚಗೆ ಇರಲಿ, ಕುದಿಯುವಷ್ಟು ಬೇಡ. ಸಿಟ್ರಿಕ್ ಆಸಿಡ್ ವಿಪರೀತ ಬಿಸಿಯಲ್ಲಿ ಕ್ಯಾಲ್ಸಿಯಂ ಸಿಟ್ರೇಟ್ ಆಗಿ ತಾನೇ ಗಟ್ಟಿ ಕೂರಬಹುದು. ಗ್ರೂಪ್‌ನಿಂದ ಒಂದು ಕಪ್, ಸ್ಟೀಮ್ ಪೈಪಿನಿಂದ ಒಂದು ಕಪ್ ಬಿಟ್ಟು, ಆರಿಸಿ 15 ನಿಮಿಷ ಬಿಡಿ. ಹೀಗೆ ಟ್ಯಾಂಕ್ ಮುಗಿಯುವವರೆಗೆ ಮಾಡಿ. ಆಮೇಲೆ ಒಳ್ಳೆ ನೀರಿನಲ್ಲಿ ಕಡೇಪಕ್ಷ ಎರಡು ಟ್ಯಾಂಕ್ ತೊಳೆಯಿರಿ. ಹೊರಬರುವ ನೀರಿಗೆ ಚಿಟಿಕೆ ಅಡಿಗೆ ಸೋಡಾ ಹಾಕಿ ನೋಡಿ. ಬುರುಬುರು ನೊರೆ ಬಂದರೆ ಆಮ್ಲ ಇನ್ನೂ ಇದೆ, ಮತ್ತೆ ತೊಳೆಯಿರಿ. ಹೊರಬರುವ ನೀರು ನೀಲಿ ಹಸಿರಾಗಿದ್ದರೆ ಆಮ್ಲ ತಾಮ್ರಕ್ಕೆ ಕೈ ಹಾಕಿದೆ, ಅಲ್ಲಿಗೆ ನಿಲ್ಲಿಸಿ ತೊಳೆಯಿರಿ. ಅಡಿಗೆಮನೆ ಕಟ್ಟೆ ಅಮೃತಶಿಲೆಯದಾದರೆ ಕೆಳಗೆ ದಪ್ಪ ಬಟ್ಟೆ ಹಾಸಿ. ಒಂದು ಹನಿ ಬಿದ್ದರೂ ಕಲೆ ಶಾಶ್ವತ. ವಿನಿಗರ್ ಬೇಡ. ಅದರ ವಾಸನೆ ರಬ್ಬರ್ ಕೊಳವೆಗಳನ್ನು ಬಿಟ್ಟು ಹೋಗಲು ವಾರವೇ ಬೇಕು.

## ನೀರು ಬರುತ್ತಿಲ್ಲ

ನನ್ನ ಕಥೆಯಿಂದಲೇ ಶುರು ಮಾಡಿ. ಟ್ಯಾಂಕ್ ತೆಗೆದು, ತುಂಬಿ, ಟಕ್ ಎಂದು ಕೂರುವವರೆಗೆ ಒತ್ತಿ. ಟ್ಯಾಂಕಿನ ಒಳಗೆ ಫಿಲ್ಟರ್ ಇದ್ದರೆ ಅದನ್ನು ತೆಗೆದು ನೋಡಿ. ಕೊಳವೆ ಮಡಚಿಕೊಂಡಿದೆಯಾ ನೋಡಿ.

ಟ್ಯಾಂಕ್ ಒಮ್ಮೆ ಖಾಲಿಯಾಗಿದ್ದರೆ ಪಂಪಿನಲ್ಲಿ ಗಾಳಿ ಸಿಕ್ಕಿಕೊಂಡಿರುತ್ತದೆ. ಮನೆ ಮಷೀನುಗಳಲ್ಲಿ ಹೆಚ್ಚಾಗಿ ಇರುವುದು ಕಂಪನದ ಪಂಪ್. ಅದು ಗಾಳಿಯನ್ನು ಒತ್ತಡದ ಎದುರು ತಳ್ಳಲಾರದು. ಆದ್ದರಿಂದ ದಾರಿ ಬಿಟ್ಟುಕೊಡಿ. ಸ್ಟೀಮ್ ಅಥವಾ ಬಿಸಿ ನೀರಿನ ನಲ್ಲಿ ಪೂರ್ತಿ ತೆರೆದು ಪಂಪ್ ಓಡಿಸಿ. ಸದ್ದು ಗಟ್ಟಿಯಾದ ಖಟಖಟದಿಂದ ಮೆತ್ತಗಿನ ಗುಂಯ್‌ಗೆ ಇಳಿದರೆ ನೀರು ಹಿಡಿಯಿತು ಅಂತ. 20 ಸೆಕೆಂಡಿನಲ್ಲಿ ಆಗದಿದ್ದರೆ ನಿಲ್ಲಿಸಿ, ಒಂದು ನಿಮಿಷ ಬಿಟ್ಟು ಮತ್ತೆ ಮಾಡಿ. ಈ ಪಂಪ್‌ಗಳನ್ನು ಸ್ವಲ್ಪ ಹೊತ್ತು ಓಡಿ ಸುಧಾರಿಸಿಕೊಳ್ಳುವ ಹಾಗೆ ಮಾಡಿರುತ್ತಾರೆ, ಒಣಗಿ ಓಡಿದರೆ ಕಾದು ಸುಡುತ್ತವೆ.

ಸ್ಟೀಮ್ ಪೈಪಿನಿಂದ ನೀರು ಬರುತ್ತಿದೆ, ಗ್ರೂಪ್‌ನಿಂದ ಬರುತ್ತಿಲ್ಲ ಅಂದರೆ ಪಂಪ್ ಚೆನ್ನಾಗಿದೆ. ಜರಡಿ ತೆಗೆದು ಓಡಿಸಿ ನೋಡಿ. ಈಗ ಬಂದರೆ ಜರಡಿಯ ಜಿಡ್ಡು. ಈಗಲೂ ಬರದಿದ್ದರೆ ಸೋಲೆನಾಯ್ಡ್ ವಾಲ್ವ್ ಅಥವಾ ಗ್ರೂಪ್‌ಗೆ ಹೋಗುವ ದಾರಿ. ಸ್ವಿಚ್ ಹಾಕಿದಾಗ ವಾಲ್ವ್‌ನ ಟಿಕ್ ಸದ್ದು ಕೇಳುತ್ತದೆಯಾ ಗಮನಿಸಿ. ರಿಪೇರಿಯವರಿಗೆ ಇದೊಂದು ಹೇಳಿದರೆ ಅವರ ಅರ್ಧ ಗಂಟೆ ಉಳಿಯುತ್ತದೆ.

## ಸೋರುತ್ತಿದೆ, ಎಲ್ಲಿಂದ?

ಬಿಸಿಯಾಗುವಾಗ ಗ್ರೂಪ್‌ನಿಂದ ಕೆಲವು ಹನಿ ಬೀಳುವುದು ಎಷ್ಟೋ ಮಷೀನುಗಳಲ್ಲಿ ರೋಗವಲ್ಲ. 20 ಡಿಗ್ರಿಯಿಂದ 95ಕ್ಕೆ ಹೋಗುವಾಗ ನೀರು ಸುಮಾರು ನೂರಕ್ಕೆ ನಾಲ್ಕರಷ್ಟು ಹಿಗ್ಗುತ್ತದೆ, ಎಲ್ಲಿಗಾದರೂ ಹೋಗಬೇಕಲ್ಲ. ಪಂಪ್ ನಿಂತು ಐದು ನಿಮಿಷವಾದರೂ ಹನಿ ನಿಲ್ಲದಿದ್ದರೆ ವಾಲ್ವ್ ಪೂರ್ತಿ ಮುಚ್ಚುತ್ತಿಲ್ಲ, ಒಳಗೆ ಕಾಫಿ ಕಣವೋ ಸುಣ್ಣದ ಚಕ್ಕೆಯೋ ಸಿಕ್ಕಿದೆ. ಒಂದು ಬ್ಯಾಕ್‌ಫ್ಲಶ್‌ಗೆ ಸರಿಹೋಗುವುದುಂಟು.

ಶಾಟ್ ನಡೆಯುವಾಗಲೇ ಡ್ರಿಪ್ ಟ್ರೇಗೆ ನೀರು ಹರಿಯುತ್ತಿದ್ದರೆ ಎರಡು ಕಾರಣ. ಪುಡಿ ಅತಿ ನುಣ್ಣಗಿದ್ದು, ಜಾಸ್ತಿಯಾದ ಒತ್ತಡವನ್ನು ಸುರಕ್ಷತಾ ವಾಲ್ವ್ ಹೊರಹಾಕುತ್ತಿದೆ. ಇಲ್ಲವೇ ಸೋಲೆನಾಯ್ಡ್ ಸೋರುತ್ತಿದೆ. ದಪ್ಪ ಪುಡಿ ಹಾಕಿ ನೋಡಿ, ನಿಂತರೆ ಮೊದಲನೆಯದು.

ತಳದಿಂದ ನೀರು ಬಂದರೆ ಮೊದಲು ಟ್ರೇ ತುಂಬಿ ಚೆಲ್ಲಿದೆಯಾ ನೋಡಿ. ನಗಬೇಡಿ, ಇದು ಆಗುತ್ತಲೇ ಇರುತ್ತದೆ. ಅಲ್ಲದಿದ್ದರೆ ಮಷೀನ್ ಕೆಳಗೆ ಟಿಶ್ಯೂ ಕಾಗದ ಹಾಸಿ. ಟ್ಯಾಂಕ್ ತುಂಬಿ ಆರಿಸಿದ ಮಷೀನನ್ನು ಒಂದು ಗಂಟೆ ಬಿಡಿ. ಆಗಲೇ ಒದ್ದೆಯಾದರೆ ಟ್ಯಾಂಕಿನ ವಾಲ್ವ್‌ನ ಓ-ರಿಂಗ್, ಅಂದರೆ ರಬ್ಬರ್ ಬಳೆ, ಕಾರಣ. ಪಂಪ್ ಓಡಿದಾಗ ಮಾತ್ರ ಒದ್ದೆಯಾದರೆ ಒಳಗಿನ ಕೊಳವೆ, ಅದರ ಹತ್ತಿರವೇ ಕರೆಂಟಿನ ತಂತಿಗಳಿವೆ. ಪ್ಲಗ್ ಕಿತ್ತು ಬಲ್ಲವರಿಗೆ ತೋರಿಸಿ.

## ಆವಿ ಬಲವಿಲ್ಲ

ತುದಿಯ ತೂತುಗಳಲ್ಲಿ ಹಾಲು ಒಣಗಿದೆ, ಹತ್ತಕ್ಕೆ ಒಂಬತ್ತು ಸಲ ಅಷ್ಟೇ. ತುದಿ ಬಿಚ್ಚಿ ಬಿಸಿ ನೀರಿನಲ್ಲಿ ನೆನೆಸಿ ಸೂಜಿಯಿಂದ ಬಿಡಿಸಿ. ಮೊದಲ ಎರಡು ಸೆಕೆಂಡ್ ನೀರು ಉಗುಳುವುದು ಪೈಪಿನಲ್ಲಿ ತಣಿದ ಆವಿ, ಹಾಲಿಗೆ ಇಳಿಸುವ ಮೊದಲು ಅದನ್ನು ಬಟ್ಟೆಗೆ ಬಿಡಿ. ಉಗುಳುವುದು ನಿಲ್ಲದೆ ನೀರೇ ಬರುತ್ತಿದ್ದರೆ ಬಾಯ್ಲರ್ ಮಿತಿ ಮೀರಿ ತುಂಬಿದೆ. ಆ ಮಟ್ಟದ ಕಡ್ಡಿಗೆ ಸುಣ್ಣ ಹಿಡಿದಿರಬೇಕು, ಇಲ್ಲವೇ ಮೇಲೆ ಹೇಳಿದ ಶುದ್ಧ ನೀರಿನ ತೊಂದರೆ.

ಹಾಲು ನೊರೆ ಮಾಡಿದ ತಕ್ಷಣ ಒರೆಸಿ, ಒಮ್ಮೆ ಆವಿ ಬಿಡಿ. ಪೈಪ್ ತಣ್ಣಗಾದಾಗ ಒಳಗೆ ನಿರ್ವಾತ ಉಂಟಾಗಿ ಹಾಲನ್ನು ಮೇಲಕ್ಕೆ ಎಳೆಯುತ್ತದೆ. ಇದೇ ಕಾರಣಕ್ಕೆ ಪೈಪನ್ನು ನೀರಿನ ಲೋಟದಲ್ಲಿ ಮುಳುಗಿಸಿಟ್ಟು ಮಷೀನ್ ಆರಿಸಬೇಡಿ. ಲೋಟದ ಕೊಳಕು ನೀರು ಬಾಯ್ಲರ್ ಸೇರುತ್ತದೆ.

## ಕರೆಂಟ್ ಟ್ರಿಪ್ ಆದರೆ

ಮನೆಯ ಟ್ರಿಪ್ ಸ್ವಿಚ್ ಬೀಳುತ್ತಿದ್ದರೆ ಮತ್ತೆ ಮತ್ತೆ ಎತ್ತಿ ಪ್ರಯೋಗ ಮಾಡಬೇಡಿ. ಯಾವಾಗ ಬೀಳುತ್ತದೆ ಎಂದಷ್ಟೇ ಗಮನಿಸಿ: ಸ್ವಿಚ್ ಹಾಕಿದ ಕೂಡಲೇ, ಬಿಸಿಯಾಗುತ್ತಾ ಹೋದಾಗ, ಅಥವಾ ಪಂಪ್ ಒತ್ತಿದಾಗ. ಕೂಡಲೇ ಬಿದ್ದರೆ ಹೀಟರ್ ಅಥವಾ ಒಳಗಿನ ತೇವದ ಮೇಲೆ ಅನುಮಾನ, ಪಂಪ್ ಒತ್ತಿದಾಗ ಬಿದ್ದರೆ ಪಂಪ್ ಅಥವಾ ವಾಲ್ವ್‌ನ ಕಾಯಿಲ್ ಮೇಲೆ. ಹುಡುಕುವ ಕೆಲಸ ಅಳೆಯುವ ಸಾಧನ ಇರುವವರದು. ತೆಳ್ಳಗಿನ ಎಕ್ಸ್‌ಟೆನ್ಶನ್ ತಂತಿಯಲ್ಲಿ ಮಷೀನ್ ಓಡಿಸುತ್ತಿದ್ದರೆ ಇವತ್ತೇ ನಿಲ್ಲಿಸಿ. ಹೀಟರ್ ಒಂದೇ ಸಾವಿರ ವ್ಯಾಟ್‌ಗಿಂತ ಹೆಚ್ಚು ಎಳೆಯುತ್ತದೆ. ಅರ್ಥಿಂಗ್ ಇರುವ ಗೋಡೆ ಸಾಕೆಟ್ಟೇ ಬೇಕು.

## ಊರಿಗೆ ಹೋಗುವಾಗ

ಒಂದು ವಾರಕ್ಕಿಂತ ಹೆಚ್ಚು ಮಷೀನ್ ನಿಲ್ಲುವುದಾದರೆ ಬ್ಯಾಕ್‌ಫ್ಲಶ್ ಮಾಡಿ, ಟ್ಯಾಂಕ್ ಖಾಲಿ ಮಾಡಿ ಒಣಗಿಸಿ, ಹಾಪರ್‌ನ ಬೀಜ ತೆಗೆದು ಗಾಳಿಯಾಡದ ಡಬ್ಬಿಗೆ ಹಾಕಿ. ಪೋರ್ಟಾಫಿಲ್ಟರನ್ನು ಬಿಗಿಯಾಗಿ ಸಿಕ್ಕಿಸಿ ಬಿಡಬೇಡಿ, ಗ್ಯಾಸ್ಕೆಟ್ ಒತ್ತಿಕೊಂಡೇ ಇರುತ್ತದೆ. ನೀರು ಹೆಪ್ಪುಗಟ್ಟುವಷ್ಟು ಚಳಿ ಬೀಳುವ ಜಾಗವಾದರೆ ಬಾಯ್ಲರನ್ನೂ ಬರಿದು ಮಾಡಲೇಬೇಕು, ಮಂಜುಗಡ್ಡೆ ತಾಮ್ರವನ್ನೂ ಸೀಳುತ್ತದೆ. ವಾಪಸ್ ಬಂದಮೇಲೆ ಹೊಸ ನೀರು ತುಂಬಿ, ಗ್ರೂಪ್‌ನಿಂದಲೂ ಸ್ಟೀಮ್ ಪೈಪಿನಿಂದಲೂ ಒಂದು ಟ್ಯಾಂಕ್ ಪೂರ್ತಿ ಬಿಟ್ಟು, ಆ 10 ಸೆಕೆಂಡಿನ ತೂಕ ಒಮ್ಮೆ ತೆಗೆದು ಚೀಟಿಯ ಜೊತೆ ತಾಳೆ ನೋಡಿ. ಟ್ಯಾಂಕ್ ಸರಿಯಾಗಿ ಕೂತಿದೆ ತಾನೇ?